ಎರಡನೇ ತಿರುವಿನ ನಿದ್ದೆ

ಕಾರಿನ ಸಿಳ್ಳೆಯನ್ನು ಮಾತ್ರ ತೆಗೆಯಬೇಡಿ ಎಂದು ಗ್ಯಾರೇಜಿನಲ್ಲಿ ಕೈಮುಗಿದು ನಿಂತವಳು ಅಜ್ಜಿಯೇ. ಆಮೇಲೆ ಯಾರು ಎಷ್ಟು ಸಮಾಧಾನ ಹೇಳಿದರೂ ಆ ಗಳಿಗೆ ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು.

ಅಜ್ಜಿ ಎಂದರೆ ಹಣ್ಣು ಹಣ್ಣು ಮುದುಕಿಯೇನಲ್ಲ. ಅರವತ್ತಾರು ವರ್ಷ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಅಜ್ಜಿ ಎಂಬ ಬಡ್ತಿ ಸಿಕ್ಕಿ ಇನ್ನೂ ನಾಲ್ಕು ತಿಂಗಳಾಗಿತ್ತು ಅಷ್ಟೆ. ಬಡ್ತಿ ಕೊಟ್ಟ ಮೊಮ್ಮಗಳಿಗೆ ಕಾಗದಪತ್ರಗಳಲ್ಲಿ ಒಂದು ಚಂದದ ಹೆಸರಿತ್ತು. ಆದರೆ ಅವಳಪ್ಪ ಅವಳನ್ನು ‘ಮೇಡಂ’ ಎಂದೇ ಕರೆಯುತ್ತಿದ್ದ. ಮನೆಯಲ್ಲಿ ಯಾರು ಯಾವಾಗ ಉಣ್ಣಬೇಕು, ಬಾಗಿಲು ಎಷ್ಟು ಮೆಲ್ಲಗೆ ಹಾಕಬೇಕು, ಸೀನು ಬಂದವರು ಯಾವ ಕೋಣೆಗೆ ಓಡಬೇಕು, ಎಲ್ಲಕ್ಕೂ ಮೇಡಂ ಅಪ್ಪಣೆಯೇ ಆಗಬೇಕಿತ್ತು.

ಮೇಡಂ ರಾತ್ರಿ ಹೇಗೋ ಮಲಗುತ್ತಿದ್ದಳು. ಹಗಲು ಮಾತ್ರ ರೆಪ್ಪೆಗೆ ರೆಪ್ಪೆ ಹಚ್ಚುತ್ತಿರಲಿಲ್ಲ. ತೊಟ್ಟಿಲು ತೂಗಿದ್ದಾಯಿತು, ಹೆಗಲ ಮೇಲೆ ಹಾಕಿಕೊಂಡು ಮನೆಯ ಉದ್ದಗಲ ಅಳೆದದ್ದಾಯಿತು. ತನಗೆ ಗೊತ್ತಿದ್ದ ಹಾಡುಗಳೆಲ್ಲ ಖರ್ಚಾದ ಮೇಲೆ ಅಜ್ಜಿ ಮೂಲವಸ್ತುಗಳ ಪಟ್ಟಿಯನ್ನೇ ರಾಗವಾಗಿ ಹೇಳುತ್ತಿದ್ದಳು. ಹೈಡ್ರೋಜನ್, ಹೀಲಿಯಂ, ಲಿಥಿಯಂ... ಮೇಡಂ ಕಣ್ಣರಳಿಸಿ ಪಾಠ ಕೇಳುತ್ತಿದ್ದಳೇ ಹೊರತು ನಿದ್ದೆ ಮಾಡುತ್ತಿರಲಿಲ್ಲ.

“ನಿನ್ನ ಕ್ಲಾಸಲ್ಲಿ ನಿದ್ದೆ ಮಾಡದ ಮೊದಲನೇ ಸ್ಟೂಡೆಂಟು ಕಣಮ್ಮಾ ಇವಳು,” ಎಂದು ಮಗಳು ಕಿಚಾಯಿಸುತ್ತಿದ್ದಳು. ನಗುತ್ತಿದ್ದರೂ ಅವಳ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಮನೆಯಲ್ಲೇ ಕೂತು ಕಟ್ಟಡಗಳ ನಕ್ಷೆ ಬರೆದುಕೊಡುವುದು ಅವಳ ಕೆಲಸ. ಆ ಕೆಲಸ ಹೆರಿಗೆಯಾದಾಗಿನಿಂದ ನಿಂತೇ ಹೋಗಿತ್ತು.

ಕಡೆಗೆ ದಾರಿ ತೋರಿಸಿದ್ದು ಕಾರು. ಒಂದು ದಿನ ಲಸಿಕೆ ಹಾಕಿಸಿಕೊಂಡು ಬರುವಾಗ ಊರಾಚೆಯ ಗುಡ್ಡದ ರಸ್ತೆ ಹಿಡಿದಿದ್ದರು. ಅರ್ಧ ಗಂಟೆ ಅತ್ತು ಅತ್ತು ಮೇಡಂ ನಿದ್ದೆ ಹೋದಳು. ಅಳಿಯ ನೀರು ಸರಬರಾಜು ಕಚೇರಿಯಲ್ಲಿ ಬೆಳಗಿನ ಪಾಳಿಯವನು. ಎರಡು ಗಂಟೆಗೆಲ್ಲ ಮನೆಯಲ್ಲಿರುತ್ತಿದ್ದ. ಅಂದಿನಿಂದ ದಿನಾ ಊಟ ಮುಗಿಸಿ ಕೈ ಒರೆಸಿಕೊಂಡವನೇ ಕಾರು ತೆಗೆಯುತ್ತಿದ್ದ. ಮುಂದೆ ಅವನು, ಹಿಂದೆ ಅಜ್ಜಿ ಮತ್ತು ಮೇಡಂ. ಆ ಎರಡು ಗಂಟೆ ಮಗಳು ನಕ್ಷೆಯ ಮುಂದೆ ಕೂರುತ್ತಿದ್ದಳು.

ಮೂರು ವಾರದ ಹಿಂದೆ ಕಾರು ಸಿಳ್ಳೆ ಹೊಡೆಯಲು ಶುರುಮಾಡಿತು. ನಿಂತಾಗ ಇಲ್ಲ, ಇಳಿಜಾರಿನಲ್ಲಿ ಇಲ್ಲ. ಆಕ್ಸಿಲರೇಟರ್ ಒತ್ತಿದರೆ ಸಾಕು, ‘ಸುಂಯ್’ ಎಂದು ಸಣ್ಣಗೆ ಎದ್ದು, ಕಾಲು ತೆಗೆದ ಕೂಡಲೇ ಅಡಗಿಬಿಡುವುದು. ಯಾರೋ ಪಕ್ಕದ ಮನೆಯಲ್ಲಿ ಕೆಟಲ್ ಇಟ್ಟು ಮರೆತ ಹಾಗೆ.

ಅದೇ ವಾರದಿಂದ ಮೇಡಂ ಅರ್ಧ ಗಂಟೆ ಅಳುವುದನ್ನೂ ಬಿಟ್ಟಳು. ಗುಡ್ಡದ ಮೊದಲ ತಿರುವಿನಲ್ಲಿ ಕಣ್ಣು ಜೋಲುವುದು, ಎರಡನೇ ತಿರುವಿಗೆ ಗಾಢ ನಿದ್ದೆ.

“ಆ ಸಿಳ್ಳೆಯೇ ಅವಳಿಗೆ ಜೋಗುಳ,” ಎಂದು ಮೊದಲು ಹೇಳಿದ್ದು ಅಜ್ಜಿ. ಬರೀ ಹೇಳಲಿಲ್ಲ, ಒಂದೇ ಸಮನಾದ ಸದ್ದು ಹೇಗೆ ಮಗುವಿನ ಕಿವಿಯನ್ನು ಸಮಾಧಾನ ಮಾಡುತ್ತದೆ ಎಂದು ಅರ್ಧ ಪೀರಿಯಡ್ ಪಾಠವನ್ನೇ ಮಾಡಿದಳು. ವಿಜ್ಞಾನದ ಟೀಚರ್ ಬಾಯಿಂದ ಬಂದ ಮೇಲೆ ಮನೆಯಲ್ಲಿ ಅದಕ್ಕೆ ಎದುರು ಮಾತೇ ಇರಲಿಲ್ಲ. ಮೊಮ್ಮಗಳ ಜೊತೆ ಅಜ್ಜಿಗೂ ತೂಕಡಿಕೆ ಬರುತ್ತಿತ್ತು. ಮನೆಗೆ ಬಂದ ಮೇಲೆ ಹಣೆಯ ಎರಡೂ ಪಕ್ಕ ಸಿಡಿಯುತ್ತಿತ್ತು. ಕನ್ನಡಕ ಹಳೆಯದಾಯಿತೆಂದು ಹೊಸದಕ್ಕೆ ಹೇಳಿಬಂದಿದ್ದಳು.

ಅಳಿಯನಿಗೆ ಮಾತ್ರ ಆ ಸಿಳ್ಳೆ ನಾಚಿಕೆಗೇಡು. “ಕಚೇರಿ ಗೇಟ್ ಹತ್ರ ಬಂದ್ರೆ ಸಾಕು, ಕುಕ್ಕರ್ ಬಂತು ಕುಕ್ಕರ್ ಬಂತು ಅಂತಾರೆ ಅತ್ತೆ. ಇವತ್ತು ಗ್ಯಾರೇಜಿಗೆ ತೋರಿಸಿಯೇ ಸೈ.”

ಮಗಳು ತಾಯಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು: “ಅಮ್ಮಾ, ಅವರು ಅದನ್ನ ತೆಗೆಸಿಬಿಟ್ರೆ ನನ್ನ ಗತಿ ಮುಗೀತು. ಇನ್ನೆರಡು ನಕ್ಷೆ ಇದೆ. ನೀನೇ ಹೋಗಿ ಹೇಗಾದ್ರೂ ತಪ್ಪಿಸು.”

“ನಿನ್ನ ಗಂಡನ ಹತ್ರ ನೀನೇ ಹೇಳ್ಬಾರ್ದೇನೇ?”

“ಅತ್ತೆ ಮಾತು ತೆಗೆದುಹಾಕೋ ಧೈರ್ಯ ಅವರಿಗಿಲ್ಲ. ಹೆಂಡ್ತಿ ಮಾತಾದ್ರೆ ಎಷ್ಟೊತ್ತು!”

ಹೀಗೆ ರಾಯಭಾರಿಯಾಗಿ ಅಜ್ಜಿ ಹೊರಟಳು.

ಗುಡ್ಡ ಹತ್ತಿ ಇಳಿದರೆ ಆಚೆ ಬದಿಗೆ ಗ್ಯಾರೇಜು. ಎರಡನೇ ತಿರುವಿನಲ್ಲಿ ಮೇಡಂ ನಿದ್ದೆಗೆ ಜಾರಿದಳು. ಅಳಿಯ ಕನ್ನಡಿಯ ಪಕ್ಕದ ಪುಟ್ಟ ಪರದೆಯಲ್ಲಿ ಅವಳ ಮುಖ ನೋಡಿ ಹೆಬ್ಬೆರಳು ಎತ್ತಿ ತೋರಿಸಿದ.

ಗ್ಯಾರೇಜಿನ ಯಜಮಾನನನ್ನು ಎಲ್ಲರೂ ಕರೆಯುವುದು ಸೋಪಿನ ಮೇಸ್ತ್ರಿ ಎಂದು. ಎಂಥ ಸೋರಿಕೆಯಿದ್ದರೂ ಸೋಪು ನೀರು ಹಾಕಿ ಹಿಡಿದೇ ಹಿಡಿಯುತ್ತಾನೆ ಎಂಬ ಹೆಸರು. ತಗಡಿನ ಛಾವಣಿ, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಯ ಮೇಲೆ ಅಳತೆಗೆ ತಕ್ಕಂತೆ ಸಾಲಾಗಿ ನೇತುಹಾಕಿದ ಸ್ಪ್ಯಾನರುಗಳು. ಐವತ್ತು ದಾಟಿದ ಆಸಾಮಿ ಒಂದು ಚಕ್ರದ ತಗಡನ್ನು ಸುತ್ತಿಗೆಯಿಂದ ಬಡಿಯುತ್ತಿದ್ದ. ಹಿಂದಿನ ಸೀಟಿನಲ್ಲಿ ಮಗು ಮಲಗಿರುವುದು ಕಂಡದ್ದೇ ಸುತ್ತಿಗೆಯನ್ನು ನೆಲಕ್ಕೆ ಹಾಕದೆ ಒಂದು ಬಟ್ಟೆಯ ಮೇಲೆ ಮೆತ್ತಗೆ ಇಟ್ಟ. ಮೂಲೆಯಲ್ಲಿ ಕಿರುಚುತ್ತಿದ್ದ ರೇಡಿಯೋ ಆರಿಸಿದ. ಅಜ್ಜಿ ಅದನ್ನು ಗಮನಿಸಿದಳು. ಇವನ ಹತ್ತಿರ ತನ್ನ ಮಾತು ನಡೆಯುತ್ತದೆ ಅನ್ನಿಸಿತು.

ಎಂಜಿನ್ ಆರಿಸಿದರೆ ಮೇಡಂ ಏಳುತ್ತಾಳೆಂದು ಅಳಿಯ ಹಾಗೇ ಓಡಲು ಬಿಟ್ಟ. ಮೇಸ್ತ್ರಿ ಬಾನೆಟ್ ಎತ್ತಿದ.

“ಸ್ವಲ್ಪ ಒತ್ತಿ ಸಾರ್.”

ಸುಂಯ್.

“ಹಾಡ್ತಾ ಇದೆ. ಶ್ರುತಿನೂ ಚೆನ್ನಾಗಿದೆ,” ಎಂದು ಮೇಸ್ತ್ರಿ ನಕ್ಕ.

ಅಜ್ಜಿ ಇಳಿದು, ಬಾಗಿಲನ್ನು ಸದ್ದಾಗದಂತೆ ಒತ್ತಿ ಹಾಕಿ, ಬಾನೆಟ್ಟಿನ ಹತ್ತಿರ ಬಂದಳು. “ಮೇಸ್ತ್ರಿಗಳೇ, ಒಂದು ಮಾತು. ಏನು ಕೆಟ್ಟಿದೆಯೋ ನೋಡಿ, ಬೇರೆ ಏನಿದ್ರೂ ಸರಿ ಮಾಡಿ. ಆದ್ರೆ ಆ ಸಿಳ್ಳೆ ಒಂದನ್ನ ಮಾತ್ರ ತೆಗೀಬೇಡಿ.” ಹೇಳುತ್ತಾ ಹೇಳುತ್ತಾ ಅವಳ ಕೈಗಳು ತಾವಾಗಿ ಜೋಡಿಕೊಂಡವು.

“ಅತ್ತೇ!” ಎಂದ ಅಳಿಯ ಒಳಗಿನಿಂದ.

“ನೀವು ಸುಮ್ನಿರಿ. ನೋಡಿ ಮೇಸ್ತ್ರಿಗಳೇ, ಅದಿಲ್ಲದಿದ್ರೆ ನಮ್ಮ ಮಗು ನಿದ್ದೇನೇ ಮಾಡಲ್ಲ.”

ಮೇಸ್ತ್ರಿ ಮೂವತ್ತು ವರ್ಷದ ಕಸುಬಿನಲ್ಲಿ ಇಂಥ ಬೇಡಿಕೆ ಕೇಳಿರಲಿಲ್ಲ. “ಸದ್ದು ಬರ್ತಿದೆ ತೆಗೀರಿ ಅಂತ ಬರ್ತಾರೆ ಅಮ್ಮಾ ಎಲ್ಲಾರೂ. ಇರ್ಲಿ, ಬೆಲ್ಟೋ ಗಾಳಿ ಪೈಪೋ ಆಗಿದ್ರೆ ಮೊಮ್ಮಗಳ ಮುಖ ನೋಡಿ ಒಂದು ತಿಂಗಳು ಬಿಡೋಣ. ಮೊದಲು ಹಾಡೋರು ಯಾರು ಅಂತ ಗೊತ್ತಾಗ್ಲಿ.”

ಅವನು ಬೆಲ್ಟಿನ ಮೇಲೆ ಒಂದು ಲೋಟ ನೀರು ಚಿಮುಕಿಸಿದ. ಬೆಲ್ಟಿನದಾದರೆ ಒದ್ದೆಯಾದಾಗ ಸ್ವರ ಬದಲಾಗುತ್ತದಂತೆ. ಬದಲಾಗಲಿಲ್ಲ. ಎಂಜಿನ್ನಿಗೆ ಗಾಳಿ ಹೋಗುವ ದಪ್ಪ ಪೈಪನ್ನು ಅಲ್ಲಲ್ಲಿ ಹಿಚುಕಿ ನೋಡಿದ. ಸಿಳ್ಳೆ ತನ್ನ ಪಾಡಿಗೆ ತಾನಿತ್ತು. ಆಮೇಲೆ ಮೊಳದುದ್ದದ ರಬ್ಬರ್ ಕೊಳವೆ ತಂದು, ಒಂದು ತುದಿ ಕಿವಿಗಿಟ್ಟುಕೊಂಡು ಇನ್ನೊಂದು ತುದಿಯನ್ನು ಎಂಜಿನ್ನಿನ ಸಂದುಗೊಂದುಗಳಲ್ಲಿ ಆಡಿಸುತ್ತಾ ಹೋದ. ಡಾಕ್ಟರು ಎದೆ ನೋಡುವ ಹಾಗೆ. ಅಜ್ಜಿಗೆ ನಗು ಬಂತು.

ಎಂಜಿನ್ನಿನ ಹಿಂಬದಿಗೆ, ಒಳಗಿನ ಸೀಟುಗಳ ಕಡೆಗೆ ಕೊಳವೆ ಹೋದಾಗ ಅವನು ತಟ್ಟನೆ ಕಿವಿಯಿಂದ ಅದನ್ನು ಕಿತ್ತ.

“ಒತ್ತಿ. ಇನ್ನೊಂದು ಸಲ. ಸಾಕು.”

ಟಾರ್ಚು ಹಾಕಿ ಬಗ್ಗಿದ. ಹೊಗೆ ಎಂಜಿನ್ನಿನಿಂದ ಹೊರಬಿದ್ದು ಸೈಲೆನ್ಸರಿನ ದಾರಿ ಹಿಡಿಯುವ ಪೈಪಿನ ಬುಡದಲ್ಲಿ, ಎರಡು ಕಬ್ಬಿಣ ಕೂಡುವ ಕಡೆ, ಕಾಡಿಗೆ ತೀಡಿದಂತೆ ಕಪ್ಪು ಮಸಿಯ ಗೆರೆ.

“ಇಲ್ಲಿ ಸಂದು ಮುಚ್ಚೋ ಗ್ಯಾಸ್ಕೆಟ್ ಸೀಳಿದೆ,” ಎಂದ. ಅವನ ದನಿಯಲ್ಲಿದ್ದ ತಮಾಷೆ ಅರ್ಧಕ್ಕರ್ಧ ಇಳಿದಿತ್ತು. ಟಾರ್ಚಿನ ಬೆಳಕು ಅಲ್ಲಿಂದ ಒಂದು ಗೇಣು ಹಿಂದಕ್ಕೆ ಸರಿದು, ಎಂಜಿನ್ನಿಗೂ ಸೀಟುಗಳಿಗೂ ನಡುವಿನ ತಗಡಿನ ಗೋಡೆಯ ಮೇಲೆ ನಿಂತಿತು. ನಾಣ್ಯದಷ್ಟು ಅಗಲದ ತೂತು. ಅದರೊಳಗೆ ಒಂದೇ ಒಂದು ತೆಳ್ಳಗಿನ ವೈರು. ಸುತ್ತ ಎಲ್ಲ ಖಾಲಿ.

“ಇದರ ರಬ್ಬರ್ ಬಿರಡೆ ಎಲ್ಲಿ ಸಾರ್?”

“ಅದಾ? ನಾನೇ ತೆಗೆದದ್ದು,” ಎಂದು ಅಳಿಯ ಕಿಟಕಿಯಿಂದ ತಲೆ ಹೊರಗೆ ಹಾಕಿದ. “ಮೇಡಂ ಮುಖ ಕಾಣ್ಲಿ ಅಂತ ಹಿಂದೆ ಕ್ಯಾಮೆರಾ ಹಾಕಿದೀನಿ. ಬ್ಯಾಟರಿಯಿಂದ ವೈರ್ ಎಳೀಬೇಕಿತ್ತಲ್ಲ. ವಿಡಿಯೋ ನೋಡ್ಕೊಂಡು ಒಂದೇ ಭಾನುವಾರದಲ್ಲಿ ಮುಗಿಸ್ದೆ.” ಹೆಮ್ಮೆಯಿಂದಲೇ ಹೇಳಿದ. ಹೆಮ್ಮೆ ಪಡುವಂಥ ಕೆಲಸವೇ ಆಗಿತ್ತು. ವೈರನ್ನು ಸೀಟಿನ ಹೊಲಿಗೆಗುಂಟ ಕೂದಲೆಳೆಯಷ್ಟೂ ಕಾಣದಂತೆ ಕೂರಿಸಿದ್ದ.

“ಬ್ಲೋವರ್ ಹಾಕ್ಕೊಂಡೇ ಓಡಿಸ್ತೀರಾ?”

“ಯಾವಾಗ್ಲೂ. ಹೊರಗಿನ ಗಾಳಿ ಎಳ್ಕೊಳ್ಳೋ ಹಾಗೇ ಇಟ್ಟಿರ್ತೀನಿ. ಗುಡ್ಡದ ಗಾಳಿ ಮಗೂಗೆ ಒಳ್ಳೇದಲ್ವಾ?”

“ಕಿಟಕಿಗಳು?”

“ನಂದು ತೆಗೆದಿರುತ್ತೆ. ಹಿಂದಿನವು ಭದ್ರ. ಲಾರಿ ಹಾರನ್ನಿಗೆ ಎದ್ದುಬಿಡ್ತಾಳೆ.”

ಮೇಸ್ತ್ರಿ ಅಜ್ಜಿಯ ಕಡೆ ತಿರುಗಿದ. “ಅಮ್ಮಾ, ದಿನಾ ಹಿಂದೆ ಕೂರೋರು ನೀವೇನಾ? ನಿಮಗೇನಾದ್ರೂ ಆಗುತ್ತಾ?”

“ನನಗೇನಾಗ್ಬೇಕು? ಮೊಮ್ಮಗಳ ಜೊತೆ ನಾನೂ ತೂಕಡಿಸ್ತೀನಿ. ಇಳಿದ ಮೇಲೆ ಸ್ವಲ್ಪ ತಲೆನೋವು. ಕನ್ನಡಕದ ನಂಬರ್ ಬದಲಾಗಿದೆ ಅಷ್ಟೆ, ಹೊಸದು...”

ಮೇಸ್ತ್ರಿಯ ಕೈಯಿಂದ ಟಾರ್ಚು ಜಾರಿ ಎಂಜಿನ್ನಿನ ಸಂದಿಗೆ ಬಿತ್ತು. ಅವನು ಅದನ್ನು ಹೆಕ್ಕಿಕೊಳ್ಳಲಿಲ್ಲ. ನೇರ ಅಳಿಯನ ಕಿಟಕಿಗೆ ಹೋಗಿ, ಒಳಗೆ ಕೈಹಾಕಿ, ಕೀಲಿ ತಿರುವಿ ಎಂಜಿನ್ ಆರಿಸಿಬಿಟ್ಟ.

“ಮಗೂನ ಆಚೆ ತನ್ನಿ.”

“ಅಯ್ಯೋ, ಎದ್ದುಬಿಡ್ತಾಳೆ,” ಎಂದಳು ಅಜ್ಜಿ.

“ಏಳ್ಲಿ ಅಮ್ಮಾ. ಎದ್ದರೆ ಸಾಕು.”

ಆ ಮಾತು ಕಿವಿಗೆ ಬಿದ್ದು ಅರ್ಥವಾಗುವಷ್ಟರಲ್ಲಿ ಅಜ್ಜಿಗೆ ಇನ್ನೊಂದು ವಿಷಯ ಹೊಳೆಯಿತು. ಎಂಜಿನ್ ನಿಂತಿದೆ. ಎಂಜಿನ್ ನಿಂತರೆ ಮೇಡಂ ಏಳಬೇಕು. ಕೆಂಪು ದೀಪದಲ್ಲಿ ಅರೆಗಳಿಗೆ ಆರಿಸಿದರೂ ಕಿರುಚುವ ಹುಡುಗಿ ಅವಳು. ಈಗ ಗ್ಯಾರೇಜಿನಲ್ಲಿ ತಗಡು ಬಿಸಿಲಿಗೆ ಟಿಕ್ ಟಿಕ್ ಅನ್ನುವುದು ಬಿಟ್ಟರೆ ಬೇರೆ ಸದ್ದಿಲ್ಲ.

ಬಾಗಿಲು ತೆಗೆದದ್ದು ಯಾರೋ ಅವಳಿಗೆ ನೆನಪಿಲ್ಲ. ಮಗು ಕೈಗೆ ಬಂದಾಗ ಒದ್ದೆ ಟವೆಲಿನ ಹಾಗೆ ಜೋತುಬಿದ್ದಿತ್ತು. ಕೆನ್ನೆ ಮುಟ್ಟಿದಳು, ಬೆಚ್ಚಗಿತ್ತು. ಅಂಗಾಲಿಗೆ ಬೆರಳಿನಿಂದ ಟಪ್ ಎಂದು ಹೊಡೆದಳು. ಏನಿಲ್ಲ. ಒಳಗಿನಿಂದ ಹೂವಿನ ವಾಸನೆ ಮುಖಕ್ಕೆ ಬಡಿಯಿತು. ಹೇಸಿಗೆಯ ಬಟ್ಟೆಯ ವಾಸನೆ ಹೋಗಲೆಂದು ಕಾರಿಗೆ ಸುಗಂಧದ ಡಬ್ಬಿ ತಂದಿಟ್ಟವಳು ಅವಳೇ. ಆ ಹೂವಿನ ಅಡಿಯಲ್ಲಿ, ಈಗ ಮೂಗಿಟ್ಟು ಹುಡುಕಿದಾಗ, ತೆಳ್ಳಗೆ ಹೊಗೆ.

ಆಗ ಅವಳ ತಲೆಯೊಳಗೆ ಒಂದು ತರಗತಿ ಎದ್ದು ನಿಂತಿತು. ನಲವತ್ತು ಮಕ್ಕಳು ಒಟ್ಟಿಗೆ ರಾಗವಾಗಿ: ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಟೀಚರ್ ಕೇಳುತ್ತಾಳೆ: ಹಾಗಾದ್ರೆ ಅದು ಇದೆ ಅಂತ ಹೇಗೆ ಗೊತ್ತಾಗುತ್ತೆ? ಮಕ್ಕಳು: ತಲೆನೋವು, ಮಂಪರು, ಆಮೇಲೆ ನಿದ್ದೆ. ಕಾರ್ಬನ್ ಮಾನಾಕ್ಸೈಡ್. ಮೂವತ್ತೊಂದು ವರ್ಷ, ವರ್ಷಕ್ಕೆ ಎರಡು ವಿಭಾಗ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ಬರೆಯದವರಿಗೆ ಅವಳು ಬೈದಿದ್ದಳು.

ಮೇಸ್ತ್ರಿ ಆಗಲೇ ತನ್ನ ಹಳೆಯ ಪಿಕಪ್ ಗಾಡಿಯನ್ನು ಹೊರಗೆ ತಂದು ಎಲ್ಲ ಕಿಟಕಿಗಳನ್ನೂ ಇಳಿಸಿದ್ದ. “ಹತ್ತಿ ಅಮ್ಮಾ. ಮುಖಕ್ಕೆ ಗಾಳಿ ತಾಗೋ ಹಾಗೆ ಹಿಡ್ಕೊಳ್ಳಿ. ಸಾರ್, ಹತ್ತಿ ಬೇಗ.”

ಅಳಿಯನಿಗೆ ಇನ್ನೂ ತಿಳಿದಿರಲಿಲ್ಲ. “ಏನಾಯ್ತು? ಅತ್ತೆ, ಏನಾಯ್ತು? ಮಲಗಿದಾಳಲ್ಲ? ಮಲಗಿರೋದು ತಾನೇ?”

“ಹೊಗೆ,” ಎಂದಳು ಅಜ್ಜಿ. ಮಗುವನ್ನು ಹಿಡಿದು ಗಾಡಿ ಹತ್ತಿದಳು.

ಗಾಡಿ ಓಡುತ್ತಿತ್ತು. ಗಾಳಿ ಕೂದಲನ್ನು ಕಿತ್ತುಕೊಂಡು ಹೋಗುವಂತೆ ಬೀಸುತ್ತಿತ್ತು. ಅಜ್ಜಿ ಅಂಗಾಲಿಗೆ ಹೊಡೆಯುತ್ತಲೇ ಇದ್ದಳು, ಕಿವಿ ಹಿಂಡುತ್ತಿದ್ದಳು, ಏಳೇ ಮೇಡಂ, ಏಳು, ಏಳು ನನ್ನವ್ವ ಎನ್ನುತ್ತಿದ್ದಳು. ನಾಲ್ಕು ತಿಂಗಳಿಂದ ‘ಮಲಗು ಮಲಗು’ ಎಂದು ಗೋಗರೆದ ಅದೇ ಬಾಯಿ. ಮಾರುಕಟ್ಟೆ ದಾಟುವಾಗ ಮಗು ಮುಖ ಕಿವುಚಿ, ತುಟಿ ಸೊಟ್ಟ ಮಾಡಿ, ಬೆಕ್ಕಿನ ಮರಿಯ ಹಾಗೆ ಒಂದು ಸಲ ಕುಂಯ್ ಎಂದಿತು. ಮತ್ತೆ ಸುಮ್ಮನಾಯಿತು. ಸ್ಟೀಯರಿಂಗ್ ಹಿಡಿದ ಮೇಸ್ತ್ರಿ “ಹಾಂ, ಬಂತು, ಬಂತು,” ಎಂದ. ಅವನ ಕೊರಳಿನ ನರ ಉಬ್ಬಿತ್ತು.

ಆಸ್ಪತ್ರೆಯಲ್ಲಿ ಮಗುವನ್ನು ಕಸಿದುಕೊಂಡ ಹಾಗೇ ಒಳಗೆ ತೆಗೆದುಕೊಂಡು ಹೋದರು. ಮುಖಕ್ಕಿಂತ ದೊಡ್ಡ ಮುಖವಾಡ, ಕಾಲಿಗೆ ಸೂಜಿ. ಅಜ್ಜಿಯ ರಕ್ತವನ್ನೂ ತೆಗೆದರು, ಅವಳ ಮೂಗಿಗೂ ಆಮ್ಲಜನಕದ ಮುಖವಾಡ ಕಟ್ಟಿದರು. ಬೇಡವೆಂದಳು. “ಕೂತ್ಕೊಳ್ಳಿ ಅಜ್ಜಿ, ನೀವೂ ಪೇಷೆಂಟೇ,” ಎಂದು ನರ್ಸ್ ಹೆಗಲು ಹಿಡಿದು ಕೂರಿಸಿದಳು. ಕೂರಿಸಿದ ಮೇಲೂ ಆ ಕೈಯನ್ನು ಸ್ವಲ್ಪ ಹೊತ್ತು ಹೆಗಲ ಮೇಲೇ ಬಿಟ್ಟಿದ್ದಳು.

ಹೊರಗಿನ ಬೆಂಚಿನ ಮೇಲೆ ಅಳಿಯ ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾ ಕೂತಿದ್ದ. ಗಾಜಿನ ಬಾಗಿಲಿನಲ್ಲಿ ಅಜ್ಜಿಗೆ ಕಾಣುತ್ತಿತ್ತು. ಪಕ್ಕದಲ್ಲಿ ಮೇಸ್ತ್ರಿ. ಮಗುವಿನ ಬಟ್ಟೆಯ ಚೀಲ ಅವನ ತೊಡೆಯ ಮೇಲಿತ್ತು. ತನ್ನ ಕೈಯ ಎಣ್ಣೆಯ ಜಿಡ್ಡು ತಾಗದಿರಲೆಂದು ಅಡಿಯಲ್ಲಿ ಒಂದು ದಿನಪತ್ರಿಕೆ ಹಾಸಿಕೊಂಡಿದ್ದ.

ಮಗಳು ಪಕ್ಕದ ಮನೆಯವರ ಸ್ಕೂಟರಿನ ಹಿಂದೆ ಕೂತು ಬಂದಳು. ಒಂದು ಕಾಲಿಗೆ ಮನೆಯ ಚಪ್ಪಲಿ, ಇನ್ನೊಂದಕ್ಕೆ ಗಂಡನದು. ಅಷ್ಟು ಹೊತ್ತಿಗೆ ಡಾಕ್ಟರು ಬಂದು, ಎಲ್ಲರಿಗೂ ಕೇಳುವಂತೆ ಆ ಗಾಜಿನ ಬಾಗಿಲು ತೆರೆದು ನಿಂತಿದ್ದರು.

“ಮಗುವಿನ ರಕ್ತದಲ್ಲಿ ನೂರಕ್ಕೆ ಹದಿನಾರು ಪಾಲನ್ನ ಆ ವಿಷದ ಗಾಳಿ ಹಿಡ್ಕೊಂಡು ಕೂತಿದೆ. ಅಜ್ಜಿಗೆ ಒಂಬತ್ತು. ಚಿಕ್ಕ ಮಕ್ಕಳು ಬೇಗ ಬೇಗ ಉಸಿರಾಡ್ತಾರೆ ನೋಡಿ, ಬೇಗ ಏರುತ್ತೆ. ಆಮ್ಲಜನಕ ಕೊಡ್ತಾ ಇದೀವಿ, ಇಳೀತಾ ಇದೆ. ಎಷ್ಟು ದಿನದಿಂದ ನಡೀತಾ ಇದೆ ಇದು?”

“ಮೂರು ವಾರ,” ಎಂದಳು ಅಜ್ಜಿ ಮುಖವಾಡದೊಳಗಿಂದ.

“ದಿನಾ?”

“ದಿನಾ.”

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. “ಇನ್ನೊಂದು ವಾರ ತಡವಾಗಿದ್ರೆ ನಾವು ಬೇರೆ ಮಾತಾಡ್ತಿದ್ವಿ,” ಎಂದು ಹೇಳಿ ಒಳಗೆ ಹೋದರು.

ಮಗಳು ಗೋಡೆಗೆ ಒರಗಿ ಹಾಗೇ ಜಾರಿ ನೆಲದ ಮೇಲೆ ಕೂತಳು. “ತಪ್ಪಿಸು ಅಂತ ನಾನೇ ಕಳಿಸಿದ್ನಲ್ಲ,” ಎಂದಳು. “ನಕ್ಷೆ ಬರೀತಾ ಕೂತಿದ್ದೆ.”

“ತೂತು ತೆರೆದಿಟ್ಟದ್ದು ನಾನು,” ಎಂದ ಅಳಿಯ. “ಬಿರಡೆ ಈಗ್ಲೂ ಮನೇಲಿ ಡ್ರಾಯರಲ್ಲಿದೆ.”

ಅಜ್ಜಿ ಮುಖವಾಡ ಕೆಳಗೆ ಸರಿಸಿದಳು. “ಜೋಗುಳ ಅಂತ ಪಾಠ ಹೇಳಿದೋಳು ನಾನು.”

“ಅಮ್ಮಾ, ಅದನ್ನ ಮುಖಕ್ಕೆ ಹಾಕ್ಕೊಳ್ಳಿ ಮೊದಲು,” ಎಂದ ಮೇಸ್ತ್ರಿ. “ಇಲ್ಲಿ ಕೂತು ತಪ್ಪನ್ನ ಪಾಲು ಹಂಚ್ಕೋಬೇಡಿ. ಗ್ಯಾಸ್ಕೆಟ್ ಸೀಳಿದ್ದು ತಾನಾಗಿ. ಅದನ್ನ ಯಾರೂ ಸೀಳ್ಲಿಲ್ಲ.”

ಸಂಜೆ ಐದೂವರೆಗೆ ಒಳಗಿನಿಂದ ಒಂದು ಕಿರುಚಾಟ ಎದ್ದಿತು. ಇಡೀ ವಾರ್ಡಿಗೆ ಕೇಳುವಂಥ, ಹೊಟ್ಟೆಯಿಂದ ಬಂದ, ಸಿಟ್ಟಿನ ಅಳು. ಅಳಿಯ ಎದ್ದು ನಿಂತ. “ಮೇಡಂ ಎದ್ರು,” ಎಂದ. ಬೆಂಚನ್ನು ಹಿಡಿದುಕೊಂಡು ಮತ್ತೆ ಕೂತ. ಮಗಳು ಒಳಗೆ ಓಡಿದಳು. ಅಜ್ಜಿಯೂ ಎದ್ದಳು, ಮಗುವಿನ ಕೋಣೆಯ ಬಾಗಿಲವರೆಗೆ ಹೋಗಿ ನಿಂತಳು. ಮಗಳು ಮಗುವನ್ನು ಎದೆಗೆ ಅವುಚಿಕೊಂಡು, ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು. ಆ ಬೆನ್ನನ್ನು ದಾಟಿ ಒಳಗೆ ಹೋಗಲು ಅಜ್ಜಿಗೆ ಆಗಲಿಲ್ಲ.

ಮಾರನೇ ದಿನ ಮನೆಗೆ ಕಳಿಸಿದರು. ತಿಂಗಳಿಗೊಮ್ಮೆ ತೋರಿಸಿಕೊಂಡು ಹೋಗಿ ಎಂದರು, ಮಗು ಚೆನ್ನಾಗಿದೆ ಎಂದರು. ಮನೆಯಲ್ಲಿ ಮಗಳು ಮಗುವನ್ನು ಕೆಳಗಿಳಿಸಲಿಲ್ಲ. ಸ್ನಾನಕ್ಕೆ ಹೋಗುವಾಗಲೂ ಗಂಡನ ಕೈಗೇ ಕೊಟ್ಟು ಹೋದಳು. ಒರಟಾಗಿ ಒಂದು ಮಾತಾಡಲಿಲ್ಲ. ‘ಅಮ್ಮಾ, ಊಟ ಮಾಡು’, ‘ಅಮ್ಮಾ, ಮಾತ್ರೆ ತಗೊಂಡ್ಯಾ’ ಎನ್ನುತ್ತಿದ್ದಳು. ಆದರೆ ನಾಲ್ಕು ತಿಂಗಳಿಂದ ದಿನಕ್ಕೆ ಹತ್ತು ಸಲ ‘ಅಮ್ಮಾ, ಹಿಡ್ಕೋ’ ಎಂದು ಚಾಚುತ್ತಿದ್ದ ಕೈ ಚಾಚಲೇ ಇಲ್ಲ. ಅಜ್ಜಿ ಕೇಳಲೂ ಇಲ್ಲ. ತನ್ನನ್ನು ತಾನೇ ನಂಬದವಳು ಇನ್ನೊಬ್ಬರನ್ನು ನಂಬು ಎಂದು ಹೇಗೆ ಕೇಳುತ್ತಾಳೆ? ಹೊರಟುಬಿಡೋಣವೆಂದು ರಾತ್ರಿ ತನ್ನ ಸೀರೆಗಳನ್ನು ಪೆಟ್ಟಿಗೆಗೆ ಮಡಚಿಟ್ಟಳು. ಬೆಳಿಗ್ಗೆ ಮತ್ತೆ ತೆಗೆದಳು.

ಮೂರನೇ ದಿನ ಕಾರಿನ ರಿಪೇರಿಗೆ ಬನ್ನಿ ಎಂದು ಮೇಸ್ತ್ರಿ ಫೋನ್ ಮಾಡಿದ. “ಮಾರಿಬಿಡಿ ಆ ಕಾರನ್ನ,” ಎಂದಳು ಮಗಳು. ಅಳಿಯನೂ ತಲೆಯಾಡಿಸಿದ.

“ಮಾರೋದಾದ್ರೂ ಇನ್ಯಾರದೋ ಮಗು ಕೂರುತ್ತಲ್ಲ ಅದ್ರಲ್ಲಿ,” ಎಂದಳು ಅಜ್ಜಿ. “ಸರಿಯಾಗುತ್ತಾ ಅಂತ ನಾನು ನೋಡ್ಕೊಂಡು ಬರ್ತೀನಿ.” ಡ್ರಾಯರಿನಿಂದ ರಬ್ಬರ್ ಬಿರಡೆಯನ್ನು ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ರಜೆ ಹಾಕಿದ್ದ ಅಳಿಯನೂ ಜೊತೆಗೆ ಹೊರಟ. ಗ್ಯಾರೇಜಿನಲ್ಲಿ ಮೇಸ್ತ್ರಿ ಅವಳಿಗಾಗಿಯೇ ಕಾದಿದ್ದ. ಇನ್ನೂ ರಿಪೇರಿ ಮಾಡಿರಲಿಲ್ಲ. “ನೀವು ಟೀಚರಂತೆ, ಸಾರ್ ಹೇಳಿದ್ರು. ಕಣ್ಣಾರೆ ನೋಡ್ಬೇಕು ನೀವು.” ಎಂಜಿನ್ ತಣ್ಣಗಿತ್ತು. ಸೈಲೆನ್ಸರಿನ ತುದಿಗೆ ಗಾಳಿಯೂದುವ ಯಂತ್ರ ಕಟ್ಟಿ, ಹೊಗೆಯ ದಾರಿಯಲ್ಲಿ ಹಿಂದಿನಿಂದ ಮುಂದಕ್ಕೆ ಗಾಳಿ ಬಿಟ್ಟ. ಆಮೇಲೆ ಬಾಟಲಿಯಿಂದ ಸೋಪು ನೀರು ಚಿಮುಕಿಸಿದ. ಮಸಿಯ ಗೆರೆಯ ಮೇಲೆ ಒಂದು ಗುಳ್ಳೆ ಹುಟ್ಟಿತು. ಕಡಲೆಯಷ್ಟಾಯಿತು, ನಿಂಬೆಯಷ್ಟಾಯಿತು, ಬಣ್ಣ ಬಣ್ಣವಾಗಿ ತಿರುಗಿ ಒಡೆಯಿತು. ಅದರ ಹಿಂದೆ ಇನ್ನೊಂದು. ಎಷ್ಟು ಚಂದದ ಗುಳ್ಳೆಗಳು!

ಹಳೆಯ ಗ್ಯಾಸ್ಕೆಟ್ ಬಿಚ್ಚಿ ಅವಳ ಅಂಗೈ ಮೇಲಿಟ್ಟ. ಉಗುರಿನಷ್ಟು ಉದ್ದದ ಸೀಳು. ಇಷ್ಟೇನಾ ಎಂದಳು. ಇಷ್ಟೇ ಎಂದ. ಎರಡು ಕಬ್ಬಿಣದ ಮುಖಗಳನ್ನೂ ಉಜ್ಜಿ, ಹೊಸದು ಕೂರಿಸಿ, ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಒಂದೊಂದಾಗಿ ಬಿಗಿದ. ಮತ್ತೆ ಗಾಳಿ, ಮತ್ತೆ ಸೋಪು ನೀರು. ಅಜ್ಜಿ ಕನ್ನಡಕ ಮೂಗಿಗೇರಿಸಿ ನೂರು ಎಣಿಸುವವರೆಗೆ ನೋಡಿದಳು. ಒಂದು ಗುಳ್ಳೆಯೂ ಏಳಲಿಲ್ಲ. ಆಗ ಸೆರಗಿನ ಗಂಟು ಬಿಚ್ಚಿ ಬಿರಡೆ ಕೊಟ್ಟಳು. ವೈರಿಗೆಂದು ಅದರಲ್ಲೊಂದು ಸಣ್ಣ ರಂಧ್ರ ಮಾಡಿ, ಮೇಸ್ತ್ರಿ ಅದನ್ನು ತೂತಿಗೆ ಒತ್ತಿ ಕೂರಿಸಿದ.

“ಈಗ ನಾನು ಹಿಂದೆ ಕೂರ್ತೀನಿ,” ಎಂದಳು ಅಜ್ಜಿ. “ಕಿಟಕಿ ಮುಚ್ಚಿ, ಬ್ಲೋವರ್ ಹಾಕಿ. ಗುಡ್ಡ ಹತ್ತಿಸಿ.”

“ಅತ್ತೆ, ಬೇಡ,” ಎಂದ ಅಳಿಯ.

“ನಾನೂ ಪಕ್ಕದಲ್ಲಿ ಕೂರ್ತೀನಿ ಸಾರ್. ನಡೀರಿ,” ಎಂದ ಮೇಸ್ತ್ರಿ. ಬಾಯ್ಲರ್ ಕೆಲಸದ ಗೆಳೆಯನಿಂದ ಎರವಲು ತಂದಿದ್ದ ಅಂಗೈಯಗಲದ ಮೀಟರನ್ನು ಅವಳ ಕೈಗೆ ಕೊಟ್ಟ. “ಆ ಗಾಳಿ ಇದ್ರೆ ಇದು ತೋರಿಸುತ್ತೆ. ನೀವೇ ಹಿಡ್ಕೊಳ್ಳಿ ಟೀಚರಮ್ಮಾ. ಲ್ಯಾಬ್ ನಿಮ್ದು.”

ಮೊದಲ ತಿರುವು. ಅಳಿಯ ಆಕ್ಸಿಲರೇಟರ್ ಒತ್ತಿದ. ಸಿಳ್ಳೆ ಬರಲಿಲ್ಲ. ಎರಡನೇ ತಿರುವು. ಮೀಟರಿನಲ್ಲಿ ಸೊನ್ನೆ. ಗುಡ್ಡದ ನೆತ್ತಿಗೆ ಹೋಗಿ, ಇಳಿದು, ಮತ್ತೆ ಹತ್ತಿಸಿದರು. ಸೊನ್ನೆ. ಒಂದು ಗಂಟೆ ಅಜ್ಜಿ ಆ ಸೊನ್ನೆಯನ್ನೇ ನೋಡುತ್ತಾ ಕೂತಳು. ತೂಕಡಿಕೆ ಹತ್ತಿರವೂ ಸುಳಿಯಲಿಲ್ಲ. ಹಣೆ ಸಿಡಿಯಲಿಲ್ಲ. ಕನ್ನಡಕ ಹಳೆಯದೇ ಇತ್ತು.

ಮನೆಗೆ ಬಂದಾಗ ಮೂರು ಗಂಟೆ. ಬೀದಿಯ ತುದಿಗೇ ಕೇಳಿಸಿತು, ಮೇಡಂ ಗಂಟಲು ಹರಿದುಕೊಳ್ಳುತ್ತಿದ್ದಳು. ಮಗಳು ಬಾಗಿಲಲ್ಲೇ ನಿಂತಿದ್ದಳು. ಕೂದಲು ಕೆದರಿತ್ತು, ಕಣ್ಣು ಕೆಂಪಗಿತ್ತು, ಎರಡು ದಿನದಿಂದ ಅವಳೂ ಮಲಗಿರಲಿಲ್ಲ. ತಾಯಿಯ ಮುಖ ನೋಡಿದಳು.

“ಸೊನ್ನೆ,” ಎಂದಳು ಅಜ್ಜಿ. “ಪೂರ್ತಿ ಒಂದು ಗಂಟೆ. ನಾನೇ ಕೂತಿದ್ದೆ.”

“ನಿನಗೇನಾದ್ರೂ ಆಗಿದ್ರೆ?”

“ಅದಕ್ಕೇ ಕೂತಿದ್ದು.”

ಮಗಳು ಒದ್ದಾಡುತ್ತಿದ್ದ ಮಗುವನ್ನು ಹೆಗಲಿನಿಂದ ಇಳಿಸಿ, ಎರಡೂ ಕೈಯಲ್ಲಿ ಮುಂದಕ್ಕೆ ಚಾಚಿದಳು. “ಹಿಡ್ಕೋ ಅಮ್ಮಾ. ನನ್ನ ತೋಳು ಬಿದ್ದುಹೋಗ್ತಿದೆ.”

ಅಜ್ಜಿ ಹಿಡಿದುಕೊಂಡಳು. ಬಿಗಿ ಮುಷ್ಟಿ, ಬೆವೆತ ನೆತ್ತಿ, ಒದೆಯುವ ಕಾಲು, ಎಲ್ಲ ಇತ್ತು. ಹೊಸ್ತಿಲಿನಿಂದ ಕಿಟಕಿಗೆ, ಕಿಟಕಿಯಿಂದ ಹೊಸ್ತಿಲಿಗೆ ನಡೆಯತೊಡಗಿದಳು. ಹಾಡಲು ಏನೂ ತೋಚಲಿಲ್ಲ. ಬಾಯಿ ಅಭ್ಯಾಸಬಲದಿಂದ ಹಳೆಯ ಪಟ್ಟಿಯನ್ನೇ ಹಿಡಿಯಿತು. “ಹೈಡ್ರೋಜನ್, ಹೀಲಿಯಂ, ಲಿಥಿಯಂ, ಬೆರಿಲಿಯಂ, ಬೋರಾನ್...”

ಅಲ್ಲಿ ನಾಲಿಗೆ ನಿಂತಿತು. ಆರನೆಯದು ಬರಲಿಲ್ಲ. ಮಗು ಅಳು ನಿಲ್ಲಿಸಿ, ಒದ್ದೆ ಕಣ್ಣು ಅರಳಿಸಿ, ಮುಂದೇನು ಎನ್ನುವಂತೆ ನೋಡಿತು.

ನಕ್ಷೆಯ ಮೇಜಿನ ಮೇಲೆ ತಲೆಯಿಟ್ಟು ಆಗಲೇ ಅರ್ಧ ನಿದ್ದೆಗೆ ಜಾರಿದ್ದ ಮಗಳು ಕಣ್ಣು ತೆರೆಯದೆಯೇ ಹೇಳಿದಳು:

“ಕಾರ್ಬನ್ ಕಣಮ್ಮಾ. ನಿಲ್ಲಿಸ್ಬೇಡ, ಮುಂದಕ್ಕೆ ಹೇಳು.”